ಮುಗಿಲೂರಿನ ಮುಂದಿನ ಮಾತು

ಮೋಡಗಳು ಈಗಿನಷ್ಟು ಎತ್ತರದಲ್ಲಿ ಓಡಾಡದಿದ್ದ ಕಾಲದಲ್ಲಿ ಕೇದಗೆವತಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ಅರಮನೆ, ಅರಮನೆಯ ಮುಂದೆ ಒಂದು ಪೇಟೆ, ಪೇಟೆಯ ಕೊನೆಯಲ್ಲಿ ಒಂದು ಚಪ್ಪಟೆ ಬಂಡೆ. ಆ ಬಂಡೆಯ ಮೇಲೆ ಕೂತು ರೇಕವ್ವೆ ಎಂಬ ಮುದುಕಿ ಇಳಿಹೊತ್ತಿನಲ್ಲಿ ಕತೆ ಹೇಳುತ್ತಿದ್ದಳು.

ಅವಳು ಹೇಳುತ್ತಿದ್ದುದು ಒಂದೇ ಕತೆ, ಮುಗಿಲೂರಿನ ಕತೆ. ಮುಗಿಲೂರು ಮೋಡದ ಮೇಲಿನ ಊರು. ಗಾಳಿಗೆ ತೇಲಿ ಹೋಗದ ಹಾಗೆ ಅದನ್ನು ಏಳು ಹಗ್ಗಗಳಿಂದ ಏಳು ಬೆಟ್ಟಗಳಿಗೆ ಬಿಗಿದಿದ್ದರು. ಅಲ್ಲಿಗೆ ತಿಂಗಳಬ್ಬೆ ಎಂಬ ರಾಣಿ. ಅವಳಿಗೆ ತುಂತುರು ಎಂಬ ಕುದುರೆ. ತುಂತುರುವಿನ ಜೂಲು ನೀರಿನದು. ಅದು ಓಡಿದಲ್ಲೆಲ್ಲ ಕೆಳಗಿನ ಹೊಲಗಳ ಮೇಲೆ ಹನಿ ಬೀಳುತ್ತಿತ್ತು. ಊರಿನ ಸುತ್ತ ಹಗ್ಗತಿನಿ ಎಂಬ ರಾಕ್ಷಸ ಸುಳಿದಾಡುತ್ತಿದ್ದ. ಹೆಸರೇ ಹೇಳುವ ಹಾಗೆ ಅವನಿಗೆ ಹಗ್ಗವೆಂದರೆ ಪ್ರಾಣ.

ರೇಕವ್ವೆ ಬಾಯಿ ತೆರೆದರೆ ಮೋಡವೊಂದು ಇಳಿದು ಬಂದು ಬಂಡೆಯ ಮೇಲೆ ನಿಲ್ಲುತ್ತಿತ್ತು. ಮೋಡದೊಳಗಿಂದ ಒಂದು ನೂಲೇಣಿ ಇಳಿಯುತ್ತಿತ್ತು. ಧೈರ್ಯವಿದ್ದವರು ಹತ್ತಿ ಹೋಗಿ, ಕತೆ ನಡೆಯುವಷ್ಟು ಹೊತ್ತು ಮುಗಿಲೂರಿನ ಬೀದಿಗಳಲ್ಲಿ ತಿರುಗಾಡಬಹುದಿತ್ತು. "ಇವತ್ತಿಗೆ ಸಾಕು" ಎಂದು ರೇಕವ್ವೆ ಹೇಳಿದೊಡನೆ ಅವರು ತಂತಮ್ಮ ಚಾಪೆಯ ಮೇಲೆ ಬಂದು ಕೂತಿರುತ್ತಿದ್ದರು, ಕೂದಲಲ್ಲಿ ಸ್ವಲ್ಪ ಇಬ್ಬನಿ ಅಷ್ಟೆ. ಹೆಚ್ಚಿನವರಿಗೆ ಕೆಳಗೆ ಕೂತು ಕೇಳುವುದೇ ಸಾಕಾಗಿತ್ತು. ಕೇಳುತ್ತ ಕೇಳುತ್ತ ಮಕ್ಕಳು ದೊಡ್ಡವರಾದರು, ದೊಡ್ಡವರು ಮುದುಕರಾದರು. ಕತೆ ಮುಗಿಯಲಿಲ್ಲ. ಮುಗಿಯಲಿ ಎಂದು ಯಾರೂ ಬಯಸಲೂ ಇಲ್ಲ.

ಆ ಪೇಟೆಯ ಬಣ್ಣಗಾರರ ಕೇರಿಯಲ್ಲಿ ಸೋವಣ್ಣ ಎಂಬ ಯುವಕನಿದ್ದ. ಅವನ ಹೆಂಡತಿಯ ಹೆಸರು ಚಂದಲೆ. ನೀಲಿಯ ಬಾನಿಯಲ್ಲಿ ಬಟ್ಟೆ ಅದ್ದಿ ಬದುಕುವವರು. ಇಬ್ಬರ ಕೈಗಳೂ ಮೊಣಕೈವರೆಗೆ ನೀಲಿ. ಸೋವಣ್ಣನಿಗೆ ಎತ್ತರವೆಂದರೆ ಭಯ, ಅಟ್ಟ ಹತ್ತಿದರೂ ಕಣ್ಣು ಕತ್ತಲಿಡುತ್ತಿತ್ತು. ಚಂದಲೆಗೋ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಕತೆಯಿದ್ದ ದಿನವೆಲ್ಲ ಅವಳು ಏಣಿ ಹತ್ತುತ್ತಿದ್ದಳು. ಅವನು ಅವಳ ಮೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಚಾಪೆಯ ಮೇಲೆ ಕೂತಿರುತ್ತಿದ್ದ. ಇಳಿದು ಬಂದಮೇಲೆ ಅವಳು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ.

ಒಂದು ದಿನ ಮನೆ ಬಿಡುವಾಗಲೇ ಸೋವಣ್ಣ ಹೇಳಿದ, "ಇವತ್ತು ಏಣಿ ಬೇಡ ಕಣೇ. ಬಾನಿ ನೊರೆಗಟ್ಟಿದೆ. ಬೇಗ ಬಂದು ಕದಡಬೇಕು."

"ಬಾನಿ ಎಲ್ಲಿಗೂ ಓಡಿಹೋಗಲ್ಲ. ಬಂದು ನಾನೇ ಕದಡ್ತೀನಿ. ನೀನು ಮೂತಿ ಊದಿಸ್ಕೊಂಡು ಕೂತಿರಬೇಡ" ಎಂದಳು ಚಂದಲೆ. ಬಣ್ಣಗಾರರ ಕೇರಿಯಲ್ಲಿ ಗಂಡನನ್ನು ಏಕವಚನದಲ್ಲಿ ಕರೆಯುವುದೇ ರೂಢಿ.

ಅವಳು ಏಣಿ ಹತ್ತಿದಳು. ಸೋವಣ್ಣ ಸಿಟ್ಟಿನಿಂದ ಬೇರೆ ಕಡೆ ನೋಡುತ್ತ ಕೂತ.

ಅಂದಿನ ಕತೆಯಲ್ಲಿ ಹಗ್ಗತಿನಿ ಆರು ಹಗ್ಗಗಳನ್ನು ತಿಂದು ಮುಗಿಸಿ ಏಳನೆಯದಕ್ಕೆ ಹಲ್ಲು ಹಾಕಿದ್ದ. ಮುಗಿಲೂರು ಒಂದು ಕಡೆಗೆ ವಾಲಿತ್ತು. "ತಿಂಗಳಬ್ಬೆ ಓಡಿ ಬಂದಳು" ಎಂದಳು ರೇಕವ್ವೆ. "ತುಂತುರುವಿನ ಜೀನಿನ ರಿಕಾಪಿಗೆ ಕಾಲಿಟ್ಟಳು. ತನ್ನ ಜನರ ಕಡೆಗೆ ತಿರುಗಿ ನೋಡಿ ಹೇಳಿದಳು..."

ಅಷ್ಟಕ್ಕೆ ದನಿ ನಿಂತಿತು. ಮುದುಕಿ ಉಸಿರು ತೆಗೆದುಕೊಳ್ಳುತ್ತಿದ್ದಾಳೆಂದು ಎಲ್ಲರೂ ಕಾದರು. ಅವಳ ತಲೆ ನಿಧಾನವಾಗಿ ಎದೆಯ ಮೇಲೆ ವಾಲಿತು. ಮೋಡ ಏಣಿಯನ್ನು ಎಳೆದುಕೊಂಡು ಮೇಲೆದ್ದಿತು. ಆ ದಿನ ಏಣಿ ಹತ್ತಿದವಳು ಚಂದಲೆ ಒಬ್ಬಳೇ. ಅವಳ ಚಾಪೆ ಖಾಲಿಯೇ ಉಳಿಯಿತು.

*

ರೇಕವ್ವೆಗಾಗಿ ಇಡೀ ರಾಜ್ಯ ಅತ್ತಿತು. ದೊರೆ ಇರಿವರಸನಂತೂ ಊಟ ಬಿಟ್ಟ. ಅವಳ ಮಡಿಲಲ್ಲಿ ಮಲಗಿ ಕತೆ ಕೇಳಿ ಬೆಳೆದವನು ಅವನು. ಆಗ ಅರಮನೆಗೆ ಬೀಗಸಿದ್ಧ ಎಂಬ ಮಾಂತ್ರಿಕ ಬಂದ. ಅವನ ಸೊಂಟದ ಸುತ್ತ ಬೀಗಗಳು, ಕೊರಳ ಸುತ್ತ ಕೀಲಿಕೈಗಳು. ಅವನೂ ರೇಕವ್ವೆಯ ಕತೆ ಕೇಳಿದವನೇ. ಒಂದಕ್ಷರ ತಪ್ಪದ ಹಾಗೆ ಎಲ್ಲವೂ ಅವನಿಗೆ ಬಾಯಿಪಾಠವಾಗಿತ್ತು.

"ಮಹಾಪ್ರಭು, ಇನ್ನು ಕಂಡಕಂಡವರು ಮುಗಿಲೂರಿನ ಕತೆ ಮುಂದುವರಿಸಲು ಹೊರಡುತ್ತಾರೆ" ಎಂದ ಅವನು. "ರೇಕವ್ವೆ ಕಟ್ಟಿದ್ದನ್ನು ಕೆಡಿಸುತ್ತಾರೆ. ಅವಳು ಬಿಟ್ಟಷ್ಟೇ ಉಳಿಯಲಿ. ಅದಕ್ಕೆ ನಾನು ಕಾವಲಿರುತ್ತೇನೆ."

ದುಃಖದಲ್ಲಿದ್ದ ದೊರೆಗೆ ಅದು ಸರಿಯೆನಿಸಿತು. ಮುಗಿಲೂರಿನ ಬಗ್ಗೆ ಹೊಸದೊಂದು ಮಾತನ್ನೂ ಯಾರೂ ಆಡಕೂಡದೆಂದು ಡಂಗುರ ಸಾರಿಸಿದ. ಬೀಗಸಿದ್ಧ ಬೋಳುಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡ. ಕಬ್ಬಿಣದ ಗೊರವಂಕ ಹಕ್ಕಿಗಳನ್ನು ಮಾಡಿ ಹಾರಿಬಿಟ್ಟ. ಅವು ಮಾಡಿನ ಮೇಲೆ, ಬಾವಿಕಟ್ಟೆಯ ಮೇಲೆ ಕೂತು ಕಿವಿಗೊಟ್ಟು ಕೇಳುತ್ತಿದ್ದವು. ಯಾರಾದರೂ ಮುಗಿಲೂರಿಗೆ ಹೊಸ ಮಾತು ಸೇರಿಸಿದರೆ ಹಿಡಿದುಕೊಂಡು ಹೋಗುತ್ತಿದ್ದವು. ಬೀಗಸಿದ್ಧ ಅವರೆದುರು ಬೀಗ ಹಿಡಿದು ಕೀಲಿ ತಿರುಗಿಸಿದರೆ ಸಾಕು, ದನಿ ಬೀಗದೊಳಗೆ ಹೋಗುತ್ತಿತ್ತು. ಜನ ಮೂಕರಾಗಿ ಮನೆಗೆ ಬರುತ್ತಿದ್ದರು.

ಆದರೂ ಜನ ಬಿಡಲಿಲ್ಲ. ಬಿಡಲು ಆಗಲೂ ಇಲ್ಲ. ತಲೆ ಬಾಚುತ್ತ ತಾಯಂದಿರು ಮಕ್ಕಳ ಕಿವಿಯಲ್ಲಿ ಹೇಳಿದರು. ಕುಂಬಾರರು ತಿಗರಿಯ ಸದ್ದಿನಲ್ಲಿ ಹೇಳಿಕೊಂಡರು. ಒಬ್ಬರು ರಾಣಿಗೆ ಮದುವೆ ಮಾಡಿಸಿದರು. ಇನ್ನೊಬ್ಬರು ಕುದುರೆಗೆ ಮಾತು ಕಲಿಸಿದರು. ಇಷ್ಟಿಷ್ಟೇ ಪಿಸುಮಾತು. ಅಂಥ ಮಾತಿಗೆ ಅಂಗೈಯಗಲದ ಮೋಡ ಇಳಿದು, ಹಾಗೇ ಕರಗುತ್ತಿತ್ತು. ಗೊರವಂಕಗಳು ಒಬ್ಬೊಬ್ಬರನ್ನೇ ಹಿಡಿದವು. ಕೊನೆಗೆ ಸಂತೆಯಲ್ಲಿ ಅರ್ಧಕ್ಕರ್ಧ ಜನ ಕೈಸನ್ನೆಯಲ್ಲಿ ವ್ಯಾಪಾರ ಮಾಡುವ ಹಾಗಾಯಿತು.

ಸೋವಣ್ಣ ಬಾನಿ ಕದಡುವಾಗ ನೀಲಿಯಲ್ಲಿ ಆಕಾಶ ನೋಡುತ್ತಿದ್ದ. ಮಳೆಗಾಲ ಒಂದು ಹೋಯಿತು, ಇನ್ನೊಂದು ಹೋಯಿತು. ಕೂಳು ಬೇಯಿಸುವಾಗ ಮರೆತು ಇಬ್ಬರಿಗೆ ಅಕ್ಕಿ ಹಾಕುವುದು ನಿಲ್ಲಲಿಲ್ಲ. ಕತೆ ಮುಂದುವರಿದರೆ ತಾನೇ ಏಣಿ ಇಳಿಯುವುದು ಎಂದು ಅವನಿಗೆ ಗೊತ್ತಿತ್ತು. ತನಗೆ ಕತೆ ಹೇಳಲು ಬರುವುದಿಲ್ಲವೆಂಬುದೂ ಗೊತ್ತಿತ್ತು. ಆದ್ದರಿಂದ ಹೇಳಬಲ್ಲವರನ್ನು ಹುಡುಕಿಕೊಂಡು ಹೊರಟ.

*

ಮೊದಲು ಅವನು ಸಾತಯ್ಯನ ಬಳಿಗೆ ಹೋದ. ಸಾತಯ್ಯ ರೇಕವ್ವೆಗೆ ಚಾಪೆ ಹಾಸಿ, ಕುಡಿಯಲು ನೀರಿಟ್ಟು, ಜೀವಮಾನವೆಲ್ಲ ಅವಳ ಪಕ್ಕದಲ್ಲಿ ಕೂತವನು. ಹಳೆಯದನ್ನೇ ಹೇಳುವವರನ್ನೂ ಬೀಗಸಿದ್ಧ ನಂಬುತ್ತಿರಲಿಲ್ಲವಾದ್ದರಿಂದ ಈಗ ಊರಾಚೆ ಒಂದು ಪಾಳು ಇಟ್ಟಿಗೆಗೂಡಿನಲ್ಲಿ ಅಡಗಿ ಬದುಕುತ್ತಿದ್ದ. ದಪ್ಪ ಗೋಡೆಯಾಚೆಗೆ ಗೊರವಂಕಗಳಿಗೆ ಏನೂ ಕೇಳಿಸುತ್ತಿರಲಿಲ್ಲ.

"ಅಯ್ಯ, ನನ್ನ ಹೆಂಡತಿ ಮೇಲಿದ್ದಾಳೆ. ಕತೆ ಹೇಳಿ ಅವಳನ್ನು ಇಳಿಸಿಕೊಡಿ" ಎಂದು ಸೋವಣ್ಣ ಕೈಮುಗಿದ.

"ನನ್ನದು ಅಂತ ಒಂದು ಮಾತೂ ನನಗೆ ಬರಲ್ಲಪ್ಪ" ಎಂದ ಸಾತಯ್ಯ. "ಅವಳು ಹೇಳಿದ ಹಾಗೆ, ಅವಳ ದನಿಯಲ್ಲೇ ಹೇಳಬಲ್ಲೆ. ಆಮೇಲೆ ಏನಾಗುತ್ತೋ ನೋಡೋಣ."

ಅವನು ಕಣ್ಣು ಮುಚ್ಚಿ ಬಾಯಿ ತೆರೆದ. ಬಂದದ್ದು ರೇಕವ್ವೆಯ ದನಿಯೇ. ಅದೇ ಏರಿಳಿತ, ನಡುವೆ ಅದೇ ಸಣ್ಣ ಕೆಮ್ಮು. ಗೂಡಿನ ಬಾಯಿಂದ ಮೋಡ ಇಳಿಯಿತು. ಏಣಿ ಇಳಿಯಿತು. ಏಣಿಯ ಬುಡದಲ್ಲಿ ಚಂದಲೆ ನಿಂತಿದ್ದಳು.

ಸೋವಣ್ಣ ಎದ್ದು ನಿಂತ. ಅವಳು ಅವನ ಮುಂದೆಯೇ ಹಾದು ಏಣಿ ಹತ್ತತೊಡಗಿದಳು. ನಾಲ್ಕಾರು ಮೆಟ್ಟಿಲು ಹತ್ತಿ, ನಿಂತು, ಹಿಂದಿರುಗಿ ನೋಡಿದಳು. ಯಾರೋ ತನ್ನ ಕಡೆ ನೋಡಲೆಂದು ಕಾದಳು. ಸ್ವಲ್ಪ ನಕ್ಕಳು. ಆಮೇಲೆ ಹತ್ತಿ ಹೋದಳು. ಆ ದಿನ ಅವನು ಮುಖ ತಿರುಗಿಸಿ ಕೂತಿದ್ದಾಗ ನಡೆದದ್ದು ಇದೇ.

"ಚಂದೀ" ಎಂದು ಕರೆದ. ಅವಳಿಗೆ ಕೇಳಿಸಲಿಲ್ಲ. ಕೈ ಚಾಚಿದರೆ ಬೆರಳಿಗೆ ತಂಪು ತಗುಲಿತು, ಅಷ್ಟೆ. ರಾಣಿ ರಿಕಾಪಿಗೆ ಕಾಲಿಡುವಲ್ಲಿಗೆ ಸಾತಯ್ಯ ನಿಂತ. ಮೋಡ ಕರಗಿತು.

"ಇನ್ನೊಂದು ಸಲ ಹೇಳಿ ಅಯ್ಯ" ಎಂದ ಸೋವಣ್ಣ.

ಸಾತಯ್ಯ ಹೇಳಿದ. ಚಂದಲೆ ಹತ್ತಿದಳು, ತಿರುಗಿದಳು, ಕಾದಳು, ನಕ್ಕಳು, ಹೋದಳು. ಸೋವಣ್ಣ ಮರುದಿನ ಬಂದ, ಅದರ ಮರುದಿನವೂ ಬಂದ. ಪ್ರತಿ ಸಲವೂ ಅವಳು ತಿರುಗಿದಾಗ ಅವನು ನಗುತ್ತಿದ್ದ. ಅವಳು ನೋಡುತ್ತಿದ್ದುದು ಮಾತ್ರ ಅವನನ್ನಲ್ಲ, ಅವತ್ತು ಮುಖ ತಿರುಗಿಸಿ ಕೂತಿದ್ದವನನ್ನು. ಕೆಲಸ ಬಿಟ್ಟ, ಊಟ ಬಿಟ್ಟ. ಬಾನಿ ಹುಳಿತು ನಾರಿತು.

ಒಂದು ದಿನ ಸಾತಯ್ಯನೇ ಹೇಳಿದ, "ಹೀಗೆ ಬರಬೇಡ ಮಗ. ನಾನೂ ಇಲ್ಲಿ ಕೂತು ಇದನ್ನೇ ಮಾಡ್ತಿದ್ದೀನಿ, ರೇಕವ್ವೆಯ ದನಿ ಕೇಳೋ ಆಸೆಗೆ. ನಾನು ಮುದುಕ. ನೀನು ಹೋಗು."

ಸೋವಣ್ಣ ಎದ್ದ. ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದ. ಮೂರನೆಯ ಸಲ ಹೋದ.

*

ಆಮೇಲೆ ಅವನು ಹೊನ್ನಲೆ ಎಂಬ ಕತೆಗಾತಿಯ ಬಳಿಗೆ ಹೋದ. ಹೊನ್ನಲೆ ನದಿಯ ನಡುವೆ ದೋಣಿಯಲ್ಲಿ ವಾಸವಾಗಿದ್ದಳು. ನೀರಿನ ಸದ್ದು ಅವಳ ಮಾತನ್ನು ಗೊರವಂಕಗಳಿಂದ ಮರೆಮಾಡುತ್ತಿತ್ತು. ಅವಳಿಗೆ ಹೊಸ ಮಾತುಗಳಿಗೇನೂ ಬರವಿರಲಿಲ್ಲ. ದುಃಖದಲ್ಲಿದ್ದವರು ಈಜಿಕೊಂಡಾದರೂ ಅವಳ ಬಳಿಗೆ ಬರುತ್ತಿದ್ದರು.

"ನಿನಗೇನು ಬೇಕು ಹೇಳು ತಮ್ಮಾ" ಎಂದಳು.

"ನನ್ನ ಹೆಂಡತಿ ಬೇಕು ಅಕ್ಕ."

"ಎಂಥವಳು?"

ಸೋವಣ್ಣ ಹೇಳಿದ. ಕಪ್ಪಗೆ, ಎತ್ತರಕ್ಕೆ, ನೀಲಿ ಕೈ, ನಗುಮುಖ. ಒಳ್ಳೆಯದನ್ನೆಲ್ಲ ಹೇಳಿದ. ಮನೆ ಬಿಟ್ಟು ಹೋದವಳ ಕುರಿತು ಹೇಳುವಾಗ ಒಳ್ಳೆಯದೇ ನೆನಪಿಗೆ ಬರುತ್ತದೆ.

ಹೊನ್ನಲೆ ಕತೆ ಕಟ್ಟಿದಳು. ಅವಳ ಕತೆಯಲ್ಲಿ ರಾಣಿ ಒಂದೇ ಏಟಿಗೆ ಹಗ್ಗತಿನಿಯನ್ನು ಕೊಂದಳು, ಆರು ಹಗ್ಗಗಳು ತಾವಾಗಿ ಬೆಳೆದವು, ಯಾರಿಗೂ ಏಟಾಗಲಿಲ್ಲ. ಮೋಡ ಇಳಿದು ದೋಣಿಗೆ ತಾಗಿತು. ಚಂದಲೆ ಏಣಿ ಇಳಿದು ಬಂದು ಸೋವಣ್ಣನ ಕೈ ಹಿಡಿದಳು. ಕೈ ಬೆಚ್ಚಗಿತ್ತು.

ಅವನು ಅವಳನ್ನು ಮನೆಗೆ ಕರೆತಂದ. ಅವಳು ಮನೆ ಸಾರಿಸಿದಳು, ರೊಟ್ಟಿ ಬಡಿದಳು, ಹುಳಿತ ಬಾನಿಯನ್ನು ತೊಳೆದಳು. ಸೋವಣ್ಣ ಸುಖವಾಗಿದ್ದ. ಬೆಳಗ್ಗೆ ಎದ್ದರೆ ಪಕ್ಕದಲ್ಲಿ ಅವಳಿರುತ್ತಿದ್ದಳು. ಅದಕ್ಕಿಂತ ಹೆಚ್ಚಿಗೆ ಅವನೇನೂ ಬೇಡಿರಲಿಲ್ಲ.

ಒಂದು ಮಧ್ಯಾಹ್ನ ಅವನು ಅವಸರದಲ್ಲಿ ಗಿರಾಕಿಯ ಸೀರೆಯನ್ನು ಒಂದು ಅದ್ದು ಹೆಚ್ಚಿಗೆ ಅದ್ದಿ ಕೆಡಿಸಿದ. ಚಂದಲೆ ಬಯ್ಯುತ್ತಾಳೆಂದು ತಲೆ ತಗ್ಗಿಸಿ ನಿಂತ.

"ಚೆನ್ನಾಗಿಯೇ ಇದೆ. ನೀವು ಮಾಡಿದ್ದು ಯಾವಾಗಲೂ ಚೆನ್ನಾಗಿರುತ್ತೆ" ಎಂದಳು ಅವಳು.

ಸೋವಣ್ಣ ಅವಳ ಮುಖ ನೋಡಿದ. "'ನೀವು' ಅಂದೆಯಲ್ಲ" ಎಂದ.

"ನಿಮಗೆ ಇಷ್ಟವಿಲ್ಲದಿದ್ದರೆ 'ನೀನು' ಅಂತೀನಿ."

"ನಿನಗೆ ಹೇಗೆ ಇಷ್ಟ?"

"ನಿಮಗೆ ಹೇಗೆ ಇಷ್ಟವೋ ಹಾಗೆ."

ಅವನು ಅವಳನ್ನು ಕೂರಿಸಿಕೊಂಡು ಕೇಳಿದ, "ಮುಗಿಲೂರು ನಿನಗೆ ನೆನಪಾಗಲ್ಲವಾ? ಮತ್ತೆ ಹೋಗಬೇಕು ಅಂತ ಅನಿಸಲ್ಲವಾ?"

"ನೀವಿರುವಾಗ ಇನ್ನೇನು ಬೇಕು" ಎಂದು ಅವಳು ನಕ್ಕಳು. ಅದೇ ನಗು, ಅದೇ ಹಲ್ಲಿನ ಸಂದು. ಆ ಮಾತನ್ನು ಅವನು ಚಂದಲೆಯ ಬಾಯಿಂದ ಕೇಳಲು ಎಷ್ಟು ಆಸೆಪಟ್ಟಿದ್ದ. ಚಂದಲೆ ಅದನ್ನು ಹೇಳುವವಳಲ್ಲವೆಂದೂ ಅವನಿಗೆ ಅಷ್ಟೇ ಚೆನ್ನಾಗಿ ಗೊತ್ತಿತ್ತು.

"ನೀನು ಅವಳಲ್ಲ" ಎಂದು ಮೆಲ್ಲಗೆ ಹೇಳಿದ.

"ಅಲ್ಲ" ಎಂದು ಅವಳು ಒಪ್ಪಿಕೊಂಡಳು, ಎಲ್ಲದಕ್ಕೂ ಒಪ್ಪಿದ ಹಾಗೆಯೇ. ಅವನ ಕೈಯಲ್ಲಿದ್ದ ಅವಳ ಕೈ ತಣ್ಣಗಾಯಿತು. ಮಂಜಿನ ಹಾಗೆ ಬಾಗಿಲಿಂದ ಹೊರಗೆ ಹೋದಳು. ಸೋವಣ್ಣ ಹೊಸ್ತಿಲ ಮೇಲೆ ಕೂತು, ಸತ್ತವರಿಗೆ ಅಳುವ ಹಾಗೆ ಅತ್ತ. ಮಾಡಿನ ಮೇಲಿದ್ದ ಗೊರವಂಕ ಅದನ್ನೆಲ್ಲ ಕೇಳಿಸಿಕೊಂಡಿತು. ಅವಳು ಬಂದ ದಾರಿ ಹಿಡಿದು ನದಿಗೆ ಹೋಯಿತು. ಹೊನ್ನಲೆಯನ್ನು ಕೋಟೆಗೆ ಒಯ್ದಿತು. ಸೋವಣ್ಣನ ಹೆಜ್ಜೆ ಹಿಡಿದು ಹೋದ ಇನ್ನೊಂದು ಸಾತಯ್ಯನನ್ನೂ ಒಯ್ದಿತು.

*

ಈಗ ಹೇಳಲು ಬೇರೆ ಯಾರೂ ಉಳಿದಿರಲಿಲ್ಲ. ಸೋವಣ್ಣ ಹಗಲಿನಲ್ಲೇ, ಜನರೆಲ್ಲ ನೋಡುವಾಗಲೇ, ಪೇಟೆಯ ಕೊನೆಯ ಬಂಡೆ ಹತ್ತಿ ಕೂತ. "ಮುಗಿಲೂರಿನಲ್ಲಿ..." ಎಂದನಷ್ಟೆ. ಗೊರವಂಕಗಳು ಅವನನ್ನು ಎತ್ತಿಕೊಂಡು ಹೋಗಿ ಬೋಳುಗುಡ್ಡದ ಕೋಟೆಯ ಅಂಗಳದಲ್ಲಿ ಇಳಿಸಿದವು.

ಅಂಗಳದ ಗೋಡೆಗಳ ತುಂಬ ಬೀಗಗಳು ನೇತಾಡುತ್ತಿದ್ದವು. ಗಾಳಿ ಬೀಸಿದರೆ ಒಂದೊಂದರೊಳಗೂ ಏನೋ ಮಿಸುಕುತ್ತಿತ್ತು. ಬೀಗಸಿದ್ಧ ಒಂದು ಹೊಸ ಬೀಗ ಹಿಡಿದು ಬಂದ.

"ಮಾತಾಡು" ಎಂದ. "ಆಡುತ್ತಿರುವ ದನಿಗೆ ಮಾತ್ರ ಬೀಗ ಬೀಳುವುದು. ರೇಕವ್ವೆಯದಲ್ಲದ ಮೊದಲ ಮಾತಿಗೆ ಕೀಲಿ ತಿರುಗಿಸುತ್ತೇನೆ."

"ಹೇಳ್ತೀನಿ ಸ್ವಾಮಿ. ಒಂದು ಕೇಳಲಾ? ರೇಕವ್ವೆ ಇದ್ದಾಗ ನೀವು ಎಂದಾದರೂ ಏಣಿ ಹತ್ತಿದ್ದಿರಾ?"

ಬೀಗಸಿದ್ಧ ಕೈಯಲ್ಲಿದ್ದ ಬೀಗವನ್ನು ತಿರುವಿ ನೋಡಿದ. "ಇಲ್ಲ" ಎಂದ. "ಹತ್ತಿ ಹೋದರೆ ಅಲ್ಲಿ ಏನೋ ಒಂದು ನಾನು ಅಂದುಕೊಂಡ ಹಾಗೆ ಇರದಿದ್ದರೆ? ನನಗೆ ಅದು ಬೇಡವಾಗಿತ್ತು."

"ನಾನೂ ಹತ್ತಿಲ್ಲ" ಎಂದ ಸೋವಣ್ಣ. "ನಂದು ಬರೀ ಹೆದರಿಕೆ."

ಅವನು ಹೇಳತೊಡಗಿದ. ಅವನ ದನಿಗೆ ರೇಕವ್ವೆಯ ಏರಿಳಿತ ಇರಲಿಲ್ಲ. ಬಾನಿಯ ಬದಿಯಲ್ಲಿ ಕೂತು ಪಕ್ಕದವನಿಗೆ ಹೇಳುವ ಹಾಗೆ ಹೇಳಿದ. ವಾಲಿದ ಊರಿನ ಬಗ್ಗೆ ಹೇಳಿದ, ಏಳನೆಯ ಹಗ್ಗದ ಬಗ್ಗೆ ಹೇಳಿದ. ತಿಂಗಳಬ್ಬೆ ಓಡಿ ಬಂದಳು, ರಿಕಾಪಿಗೆ ಕಾಲಿಟ್ಟಳು, ತಿರುಗಿ ನೋಡಿ ಹೇಳಿದಳು. ಅಲ್ಲಿಗೆ ಬಂದು ನಿಂತ. ಬೀಗಸಿದ್ಧನ ಬೆರಳು ಕೀಲಿಯ ಮೇಲಿತ್ತು. ಅವನ ತುಟಿಗಳೂ ಆ ಮಾತನ್ನೇ ಆಡಿ, ಅಲ್ಲಿಗೇ ನಿಂತಿದ್ದವು.

"ರಾಣಿ ಏನು ಹೇಳಿದಳೋ ನನಗೆ ಗೊತ್ತಿಲ್ಲ" ಎಂದ ಸೋವಣ್ಣ. "ಅದು ರೇಕವ್ವೆಗೇ ಗೊತ್ತು. ನನಗೆ ಗೊತ್ತಿರೋದು ನನ್ನ ಹೆಂಡತಿ. ಅವಳು ಅಲ್ಲೇ ಹಗ್ಗದ ಹತ್ತಿರ ನಿಂತಿದ್ದಳು."

ಕೀಲಿ ಅರ್ಧ ತಿರುಗಿತು. ಸೋವಣ್ಣನ ದನಿ ಅರ್ಧ ಉಡುಗಿತು. ಉಳಿದರ್ಧದಲ್ಲೇ ಅವನು ಮುಂದುವರಿಸಿದ.

"ಚಂದಲೆ ನೋಡ್ಕೊಂಡು ಸುಮ್ಮನಿರೋಳಲ್ಲ. ಅವಳಿಗೆ ಮುಂಗೋಪ. ಮೊದಲು ಅವನಿಗೆ ಏನಾದರೂ ಎತ್ತಿ ಹೊಡೆದಿರ್ತಾಳೆ. ಅದಕ್ಕೆ ಅವನು ಬಗ್ಗಿರಲ್ಲ. ಆಮೇಲೆ ಅವಳು ಯೋಚನೆ ಮಾಡಿದಳು. ಅವಳ ಸಂಚಿಯಲ್ಲಿ ಯಾವಾಗಲೂ ಅಳಲೆಕಾಯಿ ಇರುತ್ತೆ, ಬಣ್ಣ ಹಿಡಿಯೋಕೆ ಬಟ್ಟೆಗೆ ಹಾಕ್ತೀವಲ್ಲ, ಅದು. ಬಾಯಿಗೆ ಹಾಕಿದರೆ ನಾಲಗೆ ಮುದುಡಿಹೋಗೋ ಒಗರು. ಅದನ್ನು ಕುಟ್ಟಿದಳು. ನೀರಲ್ಲಿ ಕಲಸಿದಳು. ಹಗ್ಗಕ್ಕೆ ಬುಡದಿಂದ ತುದಿವರೆಗೂ ಬಳಿಯೋಕೆ ಶುರು ಮಾಡಿದಳು. ಹಗ್ಗತಿನಿ ಬಾಯಿ ಅಗಲಿಸ್ಕೊಂಡು ಹತ್ತಿರ ಬಂದ..."

ಅಲ್ಲಿಗೆ ಸೋವಣ್ಣ ನಿಂತ. ಅವಳು ಬಗ್ಗಿ ಬಳಿಯುವ ರೀತಿ, ಕೆನ್ನೆಯ ಮೇಲೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸುವ ರೀತಿ ಕಣ್ಣಿಗೆ ಕಟ್ಟಿ, ಮುಂದೆ ಮಾತು ಹೊರಡಲಿಲ್ಲ.

ಕೀಲಿಯನ್ನು ಇನ್ನರ್ಧ ತಿರುಗಿಸಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಬೀಗಸಿದ್ಧ ತಿರುಗಿಸಲಿಲ್ಲ. ಅವನು ಮುಂದಕ್ಕೆ ಬಗ್ಗಿದ್ದ. ರೇಕವ್ವೆ ಸತ್ತಂದಿನಿಂದ ಅವನು ನುಂಗಿಕೊಂಡಿದ್ದ ಮಾತು ಅವನಿಗೇ ತಿಳಿಯದ ಹಾಗೆ ಹೊರಬಿತ್ತು.

"ಆಮೇಲೆ?" ಎಂದ.

ಬೀಗ ಅವನ ಕೈಯಿಂದ ಜಾರಿ ಕೆಳಗೆ ಬಿದ್ದು ಬಾಯಿ ಬಿಟ್ಟಿತು. ಗೋಡೆಯ ಮೇಲಿನ ಬೀಗಗಳು ಒಂದೊಂದಾಗಿ ತೆರೆದುಕೊಂಡವು. ದನಿಗಳು ಹೊರಗೆ ಬಂದವು. ಅವೂ ಸುಮ್ಮನಿರಲಿಲ್ಲ, ಒಂದು ದನಿ ಹಗ್ಗತಿನಿಯ ಮುಖ ಹೇಗೆ ಹಿಂಡಿಕೊಂಡಿತೆಂದು ಹೇಳಿತು, ಇನ್ನೊಂದು ದನಿ ಅವನ ಬಾಯಿ ಹೇಗೆ ಕಟ್ಟಿಕೊಂಡಿತೆಂದು ಹೇಳಿತು, ಕುಂಬಾರರ ದನಿ, ತಾಯಂದಿರ ದನಿ, ಹೊನ್ನಲೆಯದು, ಸಾತಯ್ಯನದು. ಗೊರವಂಕಗಳ ಮೈಯಿಂದ ಕಬ್ಬಿಣ ಸಿಪ್ಪೆಯ ಹಾಗೆ ಕಳಚಿತು. ಅವು ನಿಜವಾದ ಹಕ್ಕಿಗಳಾಗಿ ಹಾರಿ ಹೋದವು. ಕೋಟೆಯ ಮೇಲೆ ದೊಡ್ಡ ಮೋಡವೊಂದು ಇಳಿಯಿತು. ಏಣಿ ಇಳಿಯಿತು.

ಇಬ್ಬರೂ ಮೇಲೆ ನೋಡಿದರು. ಯಾರೂ ಇಳಿದು ಬರಲಿಲ್ಲ.

"ಅವಳು ಇಳಿದು ಬಂದಳು ಅಂತ ಹೇಳಯ್ಯ. ಹೇಳಿದರೆ ಬರುತ್ತಾಳೆ" ಎಂದ ಬೀಗಸಿದ್ಧ. ಅವನ ದನಿಯಲ್ಲಿ ಈಗ ಗಡಸಿರಲಿಲ್ಲ.

"ಬೇಡ ಸ್ವಾಮಿ" ಎಂದ ಸೋವಣ್ಣ. "ಬರ್ತಾಳೋ ಇಲ್ಲವೋ ಅವಳೇ ಹೇಳಬೇಕು."

ಅವನು ಏಣಿಗೆ ಕೈ ಹಾಕಿದ. ಕಣ್ಣು ಮುಚ್ಚಿದರೆ ಮೆಟ್ಟಿಲು ಸಿಗುತ್ತಿರಲಿಲ್ಲ, ತೆರೆದರೆ ನೆಲ ತಿರುಗುತ್ತಿತ್ತು. ತನ್ನ ನೀಲಿ ಕೈಗಳನ್ನೇ ನೋಡುತ್ತ, ಒಂದು ಕೈ, ಆಮೇಲೆ ಇನ್ನೊಂದು ಕೈ ಎಂದು ಹತ್ತಿದ. ನಡುವೆ ಒಂದು ಕಡೆ ಗಾಳಿ ಬೀಸಿ ಏಣಿ ಓಲಾಡಿತು. ಅಲ್ಲಿ ಅವನು ಬಹಳ ಹೊತ್ತು ಅಪ್ಪಿಕೊಂಡು ನಿಂತ. ಕೆಳಗಿಳಿಯುವುದು ಹತ್ತುವುದಕ್ಕಿಂತ ಭಯವೆನಿಸಿತು. ಆದ್ದರಿಂದ ಹತ್ತಿದ.

*

ಮುಗಿಲೂರು ಓರೆಯಾಗಿ ನಿಂತಿತ್ತು. ಬೀದಿಯಲ್ಲಿ ಜನ ಗೋಡೆ ಹಿಡಿದು ಓಡಾಡುತ್ತಿದ್ದರು. ಊರಿನ ಅಂಚಿನ ಕಂಬದ ಬಳಿ, ನೀಲಿ ಕೈಯ ಹೆಂಗಸೊಬ್ಬಳು ಏಳನೆಯ ಹಗ್ಗದ ತುದಿಯನ್ನು ಕಂಬಕ್ಕೆ ಸುತ್ತಿ ಬಿಗಿಯುತ್ತಿದ್ದಳು.

"ಚಂದೀ" ಎಂದ ಸೋವಣ್ಣ.

ಅವಳು ತಿರುಗಿ ನೋಡಿದಳು. ಹಗ್ಗ ಬಿಡಲಿಲ್ಲ. "ನೀನು ಏಣಿ ಹತ್ತಿದೆಯಾ?" ಎಂದಳು. ಆಮೇಲೆ, "ಕೈ ಕೊಡು ಇಲ್ಲಿ, ಜಾರ್ತಿದೆ" ಎಂದಳು.

ಇಬ್ಬರೂ ಸೇರಿ ಗಂಟು ಬಿಗಿದರು. ಬಿಗಿದಾದ ಮೇಲೆ ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅವಳ ಅಂಗೈ ಜಡ್ಡುಗಟ್ಟಿ ಒರಟಾಗಿತ್ತು. ಅದರಿಂದಲೇ ಅವನಿಗೆ ಗೊತ್ತಾಯಿತು, ಇವಳು ಅವಳೇ.

"ರೇಕವ್ವೆಯ ದನಿ ನಿಂತಾಗ ಇಲ್ಲಿ ಎಲ್ಲ ನಿಂತುಹೋಯ್ತು" ಎಂದು ಅವಳು ಹೇಳತೊಡಗಿದಳು. "ರಾಣಿಯ ಕಾಲು ರಿಕಾಪಿನಲ್ಲೇ, ಅವನ ಹಲ್ಲು ಹಗ್ಗದಲ್ಲೇ. ನಾನೊಬ್ಬಳೇ ಅಲ್ಲಾಡ್ತಿದ್ದೆ. ಅವನಿಗೆ ಸೌಟಿನಿಂದ ಹೊಡೆದು ಹೊಡೆದು ಸುಸ್ತಾದೆ. ಆಮೇಲೆ ಕೆಳಗೆ ಯಾರೋ ಒಂದು ಮಾತು ಪಿಸುಗುಟ್ಟಿದರು. ಅಷ್ಟಕ್ಕೆ ಊರು ಒಂದು ಉಸಿರು ಬಿಡ್ತು. ಇನ್ನೊಬ್ಬರು ಪಿಸುಗುಟ್ಟಿದರು, ಇನ್ನೊಂದು ದಿನ ನಡೀತು. ಯಾರೋ ಕುದುರೆಗೆ ಮಾತು ಕೊಟ್ಟುಬಿಟ್ಟರು ನೋಡು, ಅವತ್ತಿನಿಂದ ಅದು ಬಾಯಿ ಮುಚ್ಚಿಲ್ಲ. ರಾಣಿಗೆ ನಾಲ್ಕು ಮದುವೆ ಆಗಿದೆ. ನಾಲ್ಕು ಕಡೆ ನಾಲ್ಕು ಥರ ಹೇಳಿದರಲ್ಲ. ನಾಲ್ವರು ಗಂಡಂದಿರೂ ಒಬ್ಬರಿಗೊಬ್ಬರು ಎದುರಾಗದ ಹಾಗೆ ಓಡಾಡ್ತಾರೆ."

ಸೋವಣ್ಣ ನಕ್ಕ. ಎಷ್ಟು ಕಾಲದ ಮೇಲೆ ನಕ್ಕನೋ.

"ಈಚೆಗೆ ಮಾತು ಕಡಿಮೆಯಾಗಿತ್ತು. ಎಲ್ಲ ಮತ್ತೆ ನಿಲ್ಲೋ ಹಾಗಿತ್ತು" ಎಂದಳು ಚಂದಲೆ. "ಇವತ್ತು ಇದ್ದಕ್ಕಿದ್ದ ಹಾಗೆ ನನಗೆ ಸಂಚಿಯಲ್ಲಿದ್ದ ಅಳಲೆಕಾಯಿ ನೆನಪಾಯ್ತು. ಯಾರೋ ಕಿವಿಯಲ್ಲಿ ಹೇಳಿದ ಹಾಗಾಯ್ತು."

ಅವಳು ಕೈ ತೋರಿಸಿದ ಕಡೆ ಹಗ್ಗತಿನಿ ಮೂಲೆಯಲ್ಲಿ ಮುದುಡಿ ಕೂತಿದ್ದ. ಅವನ ಬಾಯಿ ಒಣಗಿದ ಅತ್ತಿಕಾಯಿಯ ಹಾಗೆ ಸುಕ್ಕುಗಟ್ಟಿ ಮುಚ್ಚಿಹೋಗಿತ್ತು. ಮುಂದೆ ಅವನು ಗಂಜಿ ಹೀರಿ ಬದುಕಿದನೇ ಹೊರತು ಮತ್ತೆ ಹಗ್ಗದ ತಂಟೆಗೆ ಬರಲಿಲ್ಲ.

"ರಾಣಿ ಏನು ಹೇಳೋದಿತ್ತು? ಕೇಳಿದೆಯಾ?" ಎಂದ ಸೋವಣ್ಣ.

"ಕೇಳಿದೆ. 'ನನಗೂ ಗೊತ್ತಿಲ್ಲವಮ್ಮ, ರೇಕವ್ವೆ ಇನ್ನೂ ಹೇಳಿರಲಿಲ್ಲ' ಅಂದಳು."

ಚಂದಲೆ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದಳು.

"ಮನೆಗೆ ಬರ್ತೀಯಾ?" ಎಂದು ಸೋವಣ್ಣ ಕೇಳಿದ.

ಚಂದಲೆ ಬೀದಿಯ ಕಡೆ ನೋಡಿದಳು. ಅಲ್ಲಿ ತುಂತುರು ಮುದುಕಿಯೊಬ್ಬಳನ್ನು ನಿಲ್ಲಿಸಿಕೊಂಡು ಏನೋ ಉದ್ದವಾಗಿ ಹೇಳುತ್ತಿತ್ತು, ಅದರ ಜೂಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಬರ್ತೀನಿ" ಎಂದಳು. "ಮತ್ತೆ ಹೋಗ್ತೀನಿ."

"ಗೊತ್ತು."

"ಸಿಟ್ಟು ಮಾಡ್ಕೊಬಾರದು."

"ಮಾಡ್ಕೊತೀನಿ. ಆದರೂ ನೀನು ಹೋಗು."

ಅವರು ಬೆಟ್ಟದಿಂದ ಬಿಚ್ಚಿಕೊಂಡಿದ್ದ ಹಗ್ಗದ ಇನ್ನೊಂದು ತುದಿಯನ್ನು ಹಿಡಿದುಕೊಂಡೇ ಏಣಿ ಇಳಿದರು. ಅದನ್ನು ಬೋಳುಗುಡ್ಡದಿಂದ ಎಳೆದು ತಂದು ಪೇಟೆಯ ಕೊನೆಯ ಚಪ್ಪಟೆ ಬಂಡೆಗೆ ಬಿಗಿದರು. ಮುಗಿಲೂರು ನೆಟ್ಟಗಾಗಿ ಕೇದಗೆವತಿಯ ನೆತ್ತಿಯ ಮೇಲೆ ನಿಂತಿತು. ದೊರೆ ಇರಿವರಸ ಅರಮನೆಯಿಂದ ಬರಿಗಾಲಲ್ಲಿ ಓಡಿ ಬಂದ. ಮೇಲೆ ನೋಡಿ, ಚಿಕ್ಕ ಮಗುವಿನ ಹಾಗೆ ಅತ್ತ. ಅಂದೇ ಆ ಕಟ್ಟಳೆಯನ್ನು ತೆಗೆದುಹಾಕಿದ. ಉಳಿದ ಆರು ಹಗ್ಗಗಳನ್ನು ಊರವರೇ ಹೊಸೆದು ಕಟ್ಟಿದರು.

ಆಮೇಲೆ ಬಂಡೆಯ ಮೇಲೆ ಯಾರು ಬೇಕಾದರೂ ಕೂತು ಹೇಳಿದರು. ಕೆಲವರು ಚೆನ್ನಾಗಿ ಹೇಳಿದರು, ಕೆಲವರು ಕೆಟ್ಟದಾಗಿ ಹೇಳಿದರು. ರೇಕವ್ವೆಯ ದನಿಯನ್ನೇ ಕೇಳಬೇಕೆಂದು ಸಂಕಟವಾದವರು ಸಾತಯ್ಯನ ಹತ್ತಿರ ಹೋಗಿ, ಕೇಳಿ, ಕಣ್ಣೊರೆಸಿಕೊಂಡು ಬಂದರು. ಹೊನ್ನಲೆ ತನ್ನ ಕತೆಗಳಲ್ಲಿ ಒಂದಾದರೂ ತಪ್ಪು, ಒಂದಾದರೂ ಜಗಳ ಇರುವ ಹಾಗೆ ನೋಡಿಕೊಂಡಳು. ಬೀಗಸಿದ್ಧ ಕೀಲಿಕೈಗಳನ್ನೆಲ್ಲ ಕರಗಿಸಿ, ಏಣಿಗೆ ಕೊಕ್ಕೆ ಮಾಡಿಸಿಕೊಟ್ಟು, ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ. "ರೇಕವ್ವೆ ಹೀಗೆ ಹೇಳುತ್ತಿರಲಿಲ್ಲ" ಎಂದು ದಿನವೂ ಗೊಣಗುತ್ತಿದ್ದ. ಮರುದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದವನೂ ಅವನೇ.

ಸೋವಣ್ಣ ಚಂದಲೆ ಬಹುಕಾಲ ಬಾಳಿದರು. ಅರ್ಧ ಬಾಳು ಕೆಳಗೆ, ಅರ್ಧ ಬಾಳು ಮೇಲೆ. ಕೆಳಗಿದ್ದಾಗ ಅವಳು ಮೇಲಕ್ಕೆ ನೋಡುತ್ತಿದ್ದಳು, ಮೇಲಿದ್ದಾಗ ಅವನು ಕೆಳಕ್ಕೆ ನೋಡುತ್ತಿದ್ದ. ಅಷ್ಟೊಂದು ಹಂಬಲವನ್ನು ಇಟ್ಟುಕೊಂಡೇ ಇಬ್ಬರೂ ಸುಖವಾಗಿದ್ದರು. ಕೇಳಿದ ನೀವೂ ಹಾಗೆಯೇ ಇರಿ.